ಹುಬ್ಬು ತಿದ್ದುವ ಕೈ

ನಮ್ಮ ಹಳೆಯ ಕವಿಗಳು ಹೆಂಗಸಿನ ಹುಬ್ಬನ್ನು ಬಿಲ್ಲಿಗೆ ಹೋಲಿಸಿ ತೃಪ್ತರಾದರು. ಆಡುಮಾತಾದರೋ ಅದಕ್ಕಿಂತ ಮುಂದೆ ಹೋಗಿ, ಬೆರಗಾದವನು ಹುಬ್ಬೇರಿಸಿದನೆಂದೂ, ಮುನಿದವನು ಹುಬ್ಬು ಗಂಟಿಕ್ಕಿದನೆಂದೂ ಹೇಳಿ, ಮನಸ್ಸಿನ ಭಾವವೆಲ್ಲ ಆ ಎರಡು ಗೆರೆಗಳಲ್ಲಿ ಕಾಣುವುದೆಂದು ತೋರಿಸಿಕೊಟ್ಟಿತು. ಹಣೆಯ ಬೆವರು ಕಣ್ಣಿಗಿಳಿಯದಂತೆ ತಡೆಯುವುದೂ ಹುಬ್ಬಿನ ಕೆಲಸವೇ. ಚಿತ್ರದುರ್ಗದ ಬಂಡೆಗಳು ಕಾಯುವ ಬೇಸಗೆಯಲ್ಲಿ ಓಡಾಡಿದವರು ಈ ಉಪಕಾರವನ್ನು ಬಲ್ಲರು. ಇಂತಹ ವಸ್ತುವನ್ನು ಪರರಿಗೆ ಒಪ್ಪಿಸುವಾಗ ಆ ಕೈ ಎಂತಹುದಿರಬೇಕೆಂಬ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನನಗೆ ಬಹಳ ದಿನಗಳಿಂದ ಅಪೇಕ್ಷೆ.

ಹುಬ್ಬು ತಿದ್ದಿಸಿಕೊಳ್ಳುವುದು ಈಗ ದೊಡ್ಡ ಪಟ್ಟಣಗಳ ಶೋಕಿಯಾಗಿ ಉಳಿದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿಯೂ ಅಂಗಡಿಯ ಮಹಡಿಯ ಮೇಲೋ, ಮನೆಯ ಮುಂಗೋಣೆಯಲ್ಲೋ ಬ್ಯೂಟಿ ಪಾರ್ಲರುಗಳುಂಟು. 1982ರಲ್ಲಿ ಉಜಿರೆಯಲ್ಲಿ ಪ್ರಾರಂಭವಾದ ರುಡ್‌ಸೆಟ್ ಸಂಸ್ಥೆಯ ಶಾಖೆಯೊಂದು ಚಿತ್ರದುರ್ಗದಲ್ಲಿಯೂ ಇದೆ. ಊಟ ವಸತಿಗಳೊಡನೆ ಉಚಿತವಾಗಿ ಕಸುಬು ಕಲಿಸುವ ಇಂತಹ ಸಂಸ್ಥೆಗಳು ಪಾರ್ಲರಿನ ಕೆಲಸವನ್ನೂ ಕಲಿಸುತ್ತವೆ. ನನ್ನ ತಂಗಿಯ ಮಗಳು ಈ ವಿದ್ಯೆಯನ್ನು ಕಲಿತು ಹೊಳಲ್ಕೆರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಬಿಡುವಾದಾಗಲೆಲ್ಲ ಅವಳ ಬಳಿ ಕುಳಿತು ನೋಡಿ ಕೇಳಿ ತಿಳಿದುದೇ ಈ ಬರಹಕ್ಕೆ ಬಂಡವಾಳ.

ನಮ್ಮ ಕಡೆ ಹುಬ್ಬಿಗೆ ದಾರವೇ ವಾಡಿಕೆ. ಹತ್ತಿಯ ದಾರವನ್ನು ಹುರಿಗೊಳಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬೆರಳುಗಳ ಚಲನೆಯಿಂದ ಕೂದಲನ್ನು ಸಾಲಾಗಿ ಕೀಳುವ ಈ ಥ್ರೆಡಿಂಗ್ ನಿಧಾನದ ಕೆಲಸ. ವ್ಯಾಕ್ಸಿಂಗ್ ಹಾಗಲ್ಲ, ಬಿಸಿಮಾಡಿದ ಮೇಣವನ್ನು ಸವರಿ, ಬಟ್ಟೆಯ ಪಟ್ಟಿಯನ್ನೊತ್ತಿ ಒಮ್ಮೆ ಎಳೆದರೆ ಕೂದಲೆಲ್ಲ ಒಟ್ಟಿಗೆ ಬರುವುದು. ದಾರ ತಪ್ಪಿದರೆ ನಾಲ್ಕು ಕೂದಲು ಹೋದಾವು. ಮೇಣ ತಪ್ಪಿದರೆ ಅರ್ಧ ಹುಬ್ಬೇ ಹೋದೀತು. ಆದಕಾರಣ ಹೊಸದಾಗಿ ಕಲಿಯತಕ್ಕವರು ಎಳೆಯುವುದಕ್ಕಿಂತ ಮೊದಲು ಅಳೆಯುವುದನ್ನು ಕಲಿಯಬೇಕು.

ಅಳತೆಗೆ ಒಂದು ತೆಳುವಾದ ಕಡ್ಡಿ ಸಾಕು. ಮೂಗಿನ ಪಕ್ಕದಿಂದ ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಹಿಡಿದರೆ ಹುಬ್ಬು ಪ್ರಾರಂಭವಾಗಬೇಕಾದ ಸ್ಥಾನ ಸಿಕ್ಕುವುದು. ಅಲ್ಲಿಂದಲೇ ಕಣ್ಣಿನ ಪಾಪೆಯ ಮೇಲಾಗಿ ಓರೆ ಹಿಡಿದರೆ ಬಾಗುವ ಸ್ಥಾನ. ಕಣ್ಣಿನ ಹೊರತುದಿಯ ಮೇಲಾಗಿ ಹಿಡಿದರೆ ಮುಗಿಯುವ ಸ್ಥಾನ. ಈ ಮೂರನ್ನೂ ಪೆನ್ಸಿಲಿನಿಂದ ಗುರುತಿಸಿ, ಎದುರಿಗೆ ಕನ್ನಡಿ ಹಿಡಿದು, ಬಂದವರ ಒಪ್ಪಿಗೆಯನ್ನು ಪಡೆದ ಮೇಲೆಯೇ ಮೇಣದ ಪಾತ್ರೆಯ ಕಡೆಗೆ ತಿರುಗತಕ್ಕದ್ದು.

ನಮ್ಮ ಹೆಂಗಸರು ತಲೆಗೆ ಎಣ್ಣೆ ಹಚ್ಚುವವರು. ಆ ಜಿಡ್ಡು ಹಣೆಗಿಳಿದಿದ್ದರೆ ಮೇಣ ಹಿಡಿಯದು. ಆದ್ದರಿಂದ ಮೊದಲು ಹುಬ್ಬನ್ನು ತೊಳೆದು ಒರೆಸಬೇಕು. ಕೂದಲು ಸುಮಾರು ಕಾಲು ಅಂಗುಲವಾದರೂ ಬೆಳೆದಿರಬೇಕು. ಮೇಣದ ಬಿಸಿಯನ್ನು ತನ್ನ ಮುಂಗೈಯ ಒಳಭಾಗದಲ್ಲಿ ಪರೀಕ್ಷಿಸದೆ ಪರರ ಕಣ್ಣಿನ ಸಮೀಪಕ್ಕೆ ಒಯ್ಯಕೂಡದು. ಕೂದಲು ಬೆಳೆದ ದಿಕ್ಕಿಗೆ ತೆಳುವಾಗಿ ಸವರಿ, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಪಟ್ಟಿಯನ್ನು ಎದುರು ದಿಕ್ಕಿಗೆ, ಮೇಲಕ್ಕೆತ್ತದೆ ಚರ್ಮಕ್ಕೆ ಒತ್ತಿದಂತೆಯೇ, ಒಂದೇ ಸೆಳೆತಕ್ಕೆ ಎಳೆಯಬೇಕು. ಒಡನೆಯೇ ಬೆರಳನ್ನಿಟ್ಟು ಒತ್ತಿದರೆ ಉರಿ ತಗ್ಗುವುದು. ಒಮ್ಮೆ ಎಳೆದ ಜಾಗದಲ್ಲಿ ಮತ್ತೆ ಮೇಣ ಹಾಕಬಾರದು. ಉಳಿದ ಒಂದೆರಡು ಕೂದಲಿಗೆ ಚಿಮಟವಿದೆ. ಚರ್ಮಕ್ಕೆ ಮುಟ್ಟಿಸಿದ ಕಡ್ಡಿಯನ್ನು ಪುನಃ ಪಾತ್ರೆಯಲ್ಲಿ ಅದ್ದಿದರೆ ಒಬ್ಬರ ಸೋಂಕು ಹತ್ತು ಜನಕ್ಕೆ ತಗಲೀತು.

ಇಷ್ಟನ್ನೂ ಚೆನ್ನಾಗಿ ಕಲಿತವಳಿಗೂ ಇನ್ನೊಂದು ಕಠಿಣವಾದ ಪಾಠ ಉಳಿದಿರುತ್ತದೆ. ಅದು ಬೇಡವೆನ್ನುವ ಪಾಠ.

ಒಂದು ದಿನ ತಾಯಿಯೊಬ್ಬರು ಮದುವೆ ಗೊತ್ತಾದ ಮಗಳನ್ನು ಕರೆತಂದರು. ಲಗ್ನಕ್ಕೆ ನಾಲ್ಕೇ ದಿನ. ನಮ್ಮ ಹುಡುಗಿ ವಾಡಿಕೆಯಂತೆ, ಮುಖಕ್ಕೆ ಏನಾದರೂ ಔಷಧಿ ಹಚ್ಚುತ್ತೀಯಾ ಎಂದು ಕೇಳಿದಳು. ಮೊಡವೆಗೆಂದು ವೈದ್ಯರು ಕೊಟ್ಟ ಟ್ರೆಟಿನಾಯಿನ್ ಮುಲಾಮನ್ನು ಎರಡು ತಿಂಗಳಿಂದ ಹಚ್ಚುತ್ತಿರುವುದಾಗಿ ಮದುವಣಗಿತ್ತಿ ಹೇಳಿದಳು. ಈ ಜಾತಿಯ ಮುಲಾಮಿನಿಂದ ಮೇಲ್ಚರ್ಮವು ನಯವಾಗಿ, ಮೇಣದೊಡನೆ ಚರ್ಮವೂ ಕಿತ್ತು ಬರುವ ಭಯವಿದೆ. ಐಸೊಟ್ರೆಟಿನಾಯಿನ್ ಮಾತ್ರೆ ನುಂಗುವವರಂತೂ ಅದನ್ನು ನಿಲ್ಲಿಸಿದ ಮೇಲೂ ಆರು ತಿಂಗಳು ವ್ಯಾಕ್ಸಿಂಗ್ ಮಾಡಿಸಬಾರದೆಂದು ವೈದ್ಯರ ಎಚ್ಚರಿಕೆ.

“ಮೇಣ ಬೇಡಮ್ಮಾ, ಕತ್ತರಿಯಿಂದ ಒಪ್ಪ ಮಾಡಿ, ಚಿಮಟದಿಂದ ನಾಲ್ಕು ಕೂದಲು ತೆಗೀತೀನಿ,” ಎಂದಳು ಇವಳು.

“ನೂರು ರೂಪಾಯಿ ಹೆಚ್ಚಿಗೆ ತಗೊಳ್ಳಮ್ಮ, ನೀಟಾಗಿ ಮಾಡು,” ಎಂದರು ತಾಯಿ.

ಇವಳು ಒಪ್ಪಲಿಲ್ಲ. ಆಕೆ ಬೇರೆ ಕಡೆಗೆ ಹೋಗುವೆವೆಂದು ಮಗಳನ್ನೆಬ್ಬಿಸಿಕೊಂಡು ಹೊರಟುಹೋದರು. ಆ ತಿಂಗಳ ಬಾಡಿಗೆಗೆ ಇನ್ನೂ ಹಣ ಕೂಡಿರಲಿಲ್ಲ. ಸಂಜೆ ನನ್ನ ತಂಗಿ, “ಬಂದ ಲಕ್ಷ್ಮಿಯನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿದೆಯಲ್ಲೇ,” ಎಂದು ಮಗಳನ್ನು ಗದರಿಕೊಂಡಳು. ಹುಡುಗಿ, “ಸಿಪ್ಪೆಯೆದ್ದ ಮುಖ ಇಟ್ಟುಕೊಂಡು ಅವಳು ಹಸೆಮಣೆ ಮೇಲೆ ಹೇಗಮ್ಮ ಕೂರಬೇಕು?” ಎಂದಷ್ಟೇ ಅಂದಳು. ನನಗೆ ಆ ಮಾತು ನ್ಯಾಯವಾಗಿ ತೋರಿತು. ಚರ್ಮ ಮಾಯಲು ದಿನಗಳು ಬೇಕು. ಹುಬ್ಬು ತುಂಬಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಲಗ್ನದ ಮುಹೂರ್ತವಾದರೋ ಯಾರಿಗಾಗಿಯೂ ಕಾಯುವುದಿಲ್ಲ.

ಗೃಹಿಣಿಯರಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ಹಚ್ಚುವ ಮುಲಾಮನ್ನೂ, ನುಂಗುವ ಮಾತ್ರೆಯನ್ನೂ ಮುಚ್ಚಿಡದೆ ಹೇಳಬೇಕು. ಕಣ್ಣು ಕೆಂಪಾಗಿದ್ದರೆ, ಕಣ್ಣುಕುಟಿಕೆ ಎದ್ದಿದ್ದರೆ ಆ ದಿನ ಹೋಗಬಾರದು. ಮೊದಲ ಸಲ ಮೇಣ ಹಾಕಿಸಿಕೊಳ್ಳುವವರು ಹಿಂದಿನ ದಿನವೇ ಮೈಮೇಲೆ ಒಂದು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಮದುವೆಯಿದ್ದರೆ ಒಂದು ವಾರ ಮೊದಲೇ ಈ ಕೆಲಸ ಮುಗಿಯಲಿ. ಮಾಡಿಸಿಕೊಂಡ ದಿನ ಬಿಸಿಲಿಗೂ ಒಲೆಯ ಝಳಕ್ಕೂ ಮುಖವೊಡ್ಡದೆ, ತಣ್ಣೀರಿನ ಬಟ್ಟೆಯನ್ನಿಡಬೇಕು. ಹುಬ್ಬುಗಳ ನಡುವಿನ ಕೂದಲನ್ನು ತೆಗೆಸಿದ್ದರೆ ಕುಂಕುಮವನ್ನೂ, ಅಂಟಿನ ಬಿಂದಿಯನ್ನೂ ಒಂದು ದಿನ ಆ ಜಾಗಕ್ಕೆ ಸೋಕಿಸಬಾರದು. ಹಿರಿಯರು ಇದಕ್ಕೆ ಹುಬ್ಬು ಗಂಟಿಕ್ಕಿದರೆ, ತುಸು ಮೇಲಕ್ಕೆ, ಹಣೆಯ ನಡುವೆ ಇಟ್ಟುಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಪಾರ್ಲರಿನ ಹುಡುಗಿ ‘ಈ ದಿನ ಬೇಡ’ ಎಂದರೆ ಅವಳಿಗೆ ಕೆಲಸ ಬಾರದೆಂದು ತಿಳಿಯಬೇಡಿರಿ. ಬರತಕ್ಕ ದುಡ್ಡನ್ನು ಬಿಟ್ಟು ನಿಮ್ಮ ಮುಖವನ್ನು ಕಾಯುವವಳು ಅವಳು. ಅಂತಹವಳ ಬಾಗಿಲಿಗೆ ಮುಂದಿನ ತಿಂಗಳು ಪುನಃ ಹೋಗುವುದೇ ನಾವು ಅವಳಿಗೆ ತೋರಿಸಬಹುದಾದ ಮರ್ಯಾದೆ.