ಶರದೃತುವಿನಲ್ಲಿ ನಾವು ಓದಿದ ನಾಲ್ಕು ಗ್ರಂಥಗಳು

ಮಳೆಗಾಲವು ತೀರಿ, ಆಕಾಶವು ತಿಳಿಯಾಗಿ, ಗದ್ದೆಗಳ ಪೈರು ಹೊಂಬಣ್ಣಕ್ಕೆ ತಿರುಗುವ ಶರತ್ಕಾಲವು ನಮ್ಮ ಕರಾವಳಿಯಲ್ಲಿ ಓದಿಗೆ ಅನುಕೂಲವಾದುದು. ನವರಾತ್ರಿಯ ರಜೆಯೂ ಆಗಲೇ ಒದಗುವುದು. ಈ ಶಾಲೆಯ ಹಳೆ ವಿದ್ಯಾರ್ಥಿನಿಯರಾದ ನಾವು ನಾಲ್ವರು ಈಗ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಬೇರೆಬೇರೆಯಾಗಿ ನೆಲಸಿದ್ದರೂ ಕಳೆದ ಶರದೃತುವಿನಲ್ಲಿ ಒಂದು ನಿಯಮವನ್ನು ಮಾಡಿಕೊಂಡೆವು. 1956ಕ್ಕೆ ಮೊದಲು ಕಾಸರಗೋಡನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯವರು ಬರೆದ ನಾಲ್ಕು ಗ್ರಂಥಗಳನ್ನು ನಾಲ್ವರೂ ಓದತಕ್ಕದ್ದು. ಒಬ್ಬೊಬ್ಬಳು ಒಂದೊಂದರ ವಿಷಯವಾಗಿ ಮೊದಲು ಅಭಿಪ್ರಾಯ ಹೇಳತಕ್ಕದ್ದು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತಿಗೆ ಕಾರಣವನ್ನೂ ಕೊಡತಕ್ಕದ್ದು. ರಜೆಯ ಕೊನೆಗೆ ಒಂದೆಡೆ ಕೂಡಿ ಮಾತಾಡಿದುದರ ಸಾರವನ್ನು ವಾಚಕ ಸೋದರಿಯರಿಗೆ ಒಪ್ಪಿಸುತ್ತೇವೆ.

ಕಾರ್ಕಳದವಳು ಮುದ್ದಣ ಕವಿಯ 'ಶ್ರೀರಾಮಾಶ್ವಮೇಧಂ' ಎಂಬ ಗದ್ಯಕಾವ್ಯವನ್ನು ಆರಿಸಿದಳು. ನಂದಳಿಕೆಯ ಲಕ್ಷ್ಮೀನಾರಣಪ್ಪನೇ ಈ ಮುದ್ದಣ. 1870ರಲ್ಲಿ ಹುಟ್ಟಿ, ಉಪಾಧ್ಯಾಯನಾಗಿ ದುಡಿದು, 1901ರಲ್ಲಿ ತನ್ನ 31ನೆಯ ವಯಸ್ಸಿನಲ್ಲಿಯೇ ತೀರಿಕೊಂಡವನು. ಕಥೆಯನ್ನು ಕೇಳುವ ಮನೋರಮೆಯು ಸುಮ್ಮನೆ ತಲೆದೂಗುವವಳಲ್ಲ. ಪದ್ಯವು ಬೇಡ, ಗದ್ಯವೇ ಆಗಲೆನ್ನುತ್ತಾಳೆ. ಸಂಸ್ಕೃತದ ಹೊರೆಯನ್ನು ಇಳಿಸೆನ್ನುತ್ತಾಳೆ. ನಡುನಡುವೆ ಬಾಯಿ ಹಾಕುತ್ತಾಳೆ. ಕವಿಯು ಆಕೆಯ ಮಾತಿಗೆ ಬೆಲೆ ಕೊಡುತ್ತಾನೆ. ಓದುವವಳಿಗೂ ಒಂದು ಅಭಿಪ್ರಾಯವುಂಟೆಂಬುದನ್ನು ಇಷ್ಟು ಸರಸವಾಗಿ ತೋರಿಸಿದ ಗ್ರಂಥವು ವಿರಳವೆಂದು ನಾಲ್ವರೂ ಒಪ್ಪಿದೆವು. ಆದರೂ ಮನೋರಮೆಯ ಬಾಯಿಂದ ಬರುವ ಮಾತುಗಳೂ ಪುರುಷನು ಬರೆದುಕೊಟ್ಟವುಗಳೇ ಅಲ್ಲವೇ ಎಂದು ಮಣಿಪಾಲದವಳು ನಕ್ಕಳು.

ಕಾಪುವಿನವಳ ಪಾಲಿಗೆ ಬಂದುದು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. 1899ರಲ್ಲಿ ಪ್ರಕಟವಾದ ಈ ಗ್ರಂಥವನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೇಳುವರು. ಎಳೆಯ ವಿಧವೆಯೊಬ್ಬಳು ವಿದ್ಯೆಯನ್ನು ಸಂಪಾದಿಸಿ ಮರುಮದುವೆಯಾಗುವ ಕಥೆಯಿದು. ಒಳ್ಳೆಯವರು ಬಲು ಒಳ್ಳೆಯವರು, ಕೆಟ್ಟವರು ಬಲು ಕೆಟ್ಟವರು, ಉಪದೇಶವೂ ಹೆಚ್ಚು. ಇಂದಿರೆಯು ಯಾವಾಗಲೂ ಪರರ ಆಶ್ರಯದಿಂದಲೇ ಉದ್ಧಾರವಾಗುತ್ತಾಳೆಂಬ ಆಕ್ಷೇಪವು ಉಡುಪಿಯವಳಿಂದ ಬಂತು. ಅದಕ್ಕೆ ಕಾಪುವಿನವಳು, "ಹೊರಗಿನಿಂದ ಅಗುಳಿ ಹಾಕಿದ ಬಾಗಿಲನ್ನು ಒಳಗಿನವಳೊಬ್ಬಳೇ ತೆರೆಯುವುದೆಂತು?" ಎಂದು ಕೇಳಿದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮಣಿಪಾಲದವಳು ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಎಂಬ ಕಾವ್ಯವನ್ನು ತಂದಳು. ಕರ್ತನಾದ ಯೇಸುವಿನ ಕೊನೆಯ ದಿನವೇ ಇದರ ವಸ್ತು. ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ'ಯನ್ನು ಬರೆದವರೂ ಇವರೇ. ಭಾಷೆಯು ಕಠಿನ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1894ರಲ್ಲಿ ಹೊರಟ ಕಿಟ್ಟೆಲರ ನಿಘಂಟುವನ್ನು ಪಕ್ಕದಲ್ಲಿರಿಸಿಕೊಂಡೇ ಓದಬೇಕಾಯಿತು. ಅನ್ಯಮತದ ಕವಿಯು ಶಿಲುಬೆಯ ಬಳಿಯಲ್ಲಿ ಇಷ್ಟು ಭಕ್ತಿಯಿಂದ ನಿಂತಿರುವುದನ್ನು ಕಂಡು ನಮ್ಮ ಹೃದಯವು ತುಂಬಿ ಬಂತು. ಎಲ್ಲರೂ ಒಂದೇ ಧ್ವನಿಯಲ್ಲಿ ಹೊಗಳಿದೆವು.

ಉಡುಪಿಯವಳ ಸರದಿಯು ಬಂದಾಗ ಆ ಏಕಧ್ವನಿಯು ಒಡೆಯಿತು. ಆಕೆ ಆರಿಸಿದ್ದುದು ಕೋಟದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ 'ಚೋಮನ ದುಡಿ'. ಅಸ್ಪೃಶ್ಯನೆನಿಸಿಕೊಂಡ ಚೋಮನಲ್ಲಿ ಎತ್ತುಗಳಿವೆ, ಉಳಲು ಗದ್ದೆಯಿಲ್ಲ. ಅವನ ಜಾತಿಯವರಿಗೆ ಬೇಸಾಯಕ್ಕೆ ಭೂಮಿಯನ್ನು ಕೊಡುವ ಪದ್ಧತಿಯೇ ಇಲ್ಲ. ಕ್ರೈಸ್ತನಾದರೆ ಭೂಮಿಯು ದೊರೆಯಬಹುದೆಂಬ ದಾರಿಯು ಅವನಿಗೆ ಕಾಣುತ್ತದೆ. ಆದರೆ ತನ್ನ ದೈವವಾದ ಪಂಜುರ್ಳಿಯನ್ನು ಬಿಡಲಾರದೆ ಹಿಂದಿರುಗುತ್ತಾನೆ.

ಕಾಪುವಿನವಳಿಗೆ ಇದು ಸಹಿಸಲಿಲ್ಲ. "ನಮ್ಮ ವಿಶ್ವಾಸವನ್ನು ಗದ್ದೆಯ ಬೆಲೆಯೆಂಬಂತೆ ತೋರಿಸಿದ ಗ್ರಂಥವನ್ನು ನಾವೇ ಹೊಗಳಬೇಕೇ? ನಮ್ಮ ಅಜ್ಜಿಯರ ಅಜ್ಜಿಯರು ಇದೇ ದಾರಿಯಲ್ಲಿ ಬಂದವರು. ಅವರು ಬರೇ ಗದ್ದೆಗಾಗಿ ಬಂದರೇ? ಮನುಷ್ಯರೊಡನೆ ಸಮನಾಗಿ ಕುಳಿತುಕೊಳ್ಳುವುದಕ್ಕೆ, ಅಕ್ಷರವನ್ನು ಕಲಿಯುವುದಕ್ಕೆ, ಪ್ರಾರ್ಥಿಸುವುದಕ್ಕೆ ಬಂದವರ ಹೃದಯವು ಈ ಪುಸ್ತಕದಲ್ಲಿ ಎಲ್ಲಿದೆ?" ಎಂದಳು.

ಉಡುಪಿಯವಳು ಶಾಂತವಾಗಿಯೇ ಉತ್ತರ ಕೊಟ್ಟಳು: "ಒಂದು ತುಂಡು ಗದ್ದೆಗಾಗಿ ಮನುಷ್ಯನು ತನ್ನ ದೈವವನ್ನು ಬಿಡಬೇಕಾದಂಥ ಊರನ್ನು ಕಾರಂತರು ತೋರಿಸಿದ್ದಾರೆ. ಗದ್ದೆಯನ್ನು ಕೊಡದವರ ಮೇಲೆ ಮೊದಲ ದೋಷ. ಅದನ್ನು ಯಾರಾದರೂ ಬೆಲೆಯಾಗಿ ಒಡ್ಡಿದರೆ ಅವರ ಮೇಲೆಯೂ ದೋಷವೇ. ಇದನ್ನು ಕೇಳಿ ನಮಗೆ ನೋವಾಯಿತೆಂದ ಮಾತ್ರಕ್ಕೆ ಸುಳ್ಳಾಗದು. 'ಗೊಲ್ಗೊಥಾ'ವನ್ನು ನಾವು ಹೊಗಳಿದುದು ಕಾವ್ಯಗುಣಕ್ಕಾಗಿಯೋ, ನಮ್ಮವನ ಕಥೆಯೆಂಬ ಸಂತೋಷಕ್ಕಾಗಿಯೋ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ 'ಗೊಲ್ಗೊಥಾ'ವನ್ನು ಮತ್ತೆ ಕೈಗೆತ್ತಿಕೊಂಡೆವು. ಎಲ್ಲಿ ಕಾವ್ಯವು ನಮ್ಮನ್ನು ಎತ್ತಿತು, ಎಲ್ಲಿ ನಮ್ಮ ಭಕ್ತಿಯೇ ಕಾವ್ಯವನ್ನು ಎತ್ತಿ ಹಿಡಿದಿತ್ತು ಎಂಬುದನ್ನು ಪುಟಪುಟವಾಗಿ ನೋಡಿದೆವು. ಹೊಗಳಿಕೆಯು ಪೂರ್ಣವಾಗಿ ಕುಂದಲಿಲ್ಲ. ಆದರೆ ಅದಕ್ಕೆ ಈಗ ಕಾರಣಗಳಿದ್ದುವು. 'ಚೋಮನ ದುಡಿ'ಯ ವಿಷಯದಲ್ಲಿ ಮೂವರು ಒಂದಾದೆವು. ಕಾಪುವಿನವಳು ಇಂದಿಗೂ ಒಪ್ಪಿಲ್ಲ. ಆಕೆಯ ಮಾತನ್ನು ಬಿಟ್ಟು ಈ ಲೇಖನವನ್ನು ಬರೆಯಕೂಡದೆಂದು ಎಲ್ಲರೂ ನಿಶ್ಚಯಿಸಿದ ಕಾರಣ ಅದನ್ನೂ ಇದ್ದಂತೆಯೇ ಬರೆದಿದ್ದೇವೆ. ಗ್ರಂಥವು ನಮ್ಮನ್ನು ಹೊಗಳಿದಾಗಲೂ ಚುಚ್ಚಿದಾಗಲೂ ಒಂದೇ ಸೇರಿನಿಂದ ಅಳೆಯಬೇಕೆಂಬುದೇ ಈ ಶರದೃತುವಿನಲ್ಲಿ ನಮಗೆ ದೊರೆತ ಪಾಠ.

ಕಾಪುವಿನವಳ ಪ್ರಶ್ನೆಯಾದರೋ ನಿಜವಾದುದೇ. ಒಂದು ಗ್ರಂಥವು ಎಲ್ಲರ ಹೃದಯವನ್ನೂ ಹೇಳಲಾರದು. ಉಡುಪಿಯಲ್ಲಿ ಬಾಳಿದ ಸರಸ್ವತೀಬಾಯಿ ರಾಜವಾಡೆಯವರು (1913–1994) 'ಗಿರಿಬಾಲೆ' ಎಂಬ ಹೆಸರಿನಿಂದ ಹೆಂಗಸರ ಬಾಳನ್ನು ಹೆಂಗಸಾಗಿಯೇ ಬರೆದರು. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ ಕಥಾಸಂಗ್ರಹಕ್ಕೆ 2009ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಹಾಗೆಯೇ ನಮ್ಮ ಅಜ್ಜಿಯರು ಏತಕ್ಕೆ ಬಂದರು, ಏನನ್ನು ಬಿಟ್ಟು ಬಂದರು, ಏನನ್ನು ಬಿಡಲಾರದೆ ಅತ್ತರು ಎಂಬುದನ್ನು ಅವರ ಮೊಮ್ಮಕ್ಕಳೇ ಬರೆಯಬೇಕಾಗಿದೆ. ಪ್ರಿಯ ತಂಗಿಯರೇ, ಬರುವ ರಜೆಯಲ್ಲಿ ಒಂದು ಗ್ರಂಥವನ್ನು ಓದಿರಿ. ಕಾರಣ ಸಹಿತ ಅಭಿಪ್ರಾಯವನ್ನು ಹೇಳಿರಿ. ಒಪ್ಪದ ಗೆಳತಿಯ ಮಾತನ್ನೂ ಕೇಳಿರಿ. ಬಳಿಕ ಮನೆಯ ಹಿರಿಯಳ ಬಳಿಯಲ್ಲಿ ಕುಳಿತು, ಆಕೆ ಹೇಳುವುದನ್ನು ಬರೆದಿಟ್ಟುಕೊಳ್ಳಿರಿ.