ಅಟ್ಟದ ಕಾಯಿ, ಪೇಟೆಯ ಬ್ರೆಡ್ಡು

ನಮ್ಮ ಕಡೆ ಯಾರಾದರೂ ಬ್ರೆಡ್ಡಿನ ಪೊಟ್ಟಣ ಹಿಡಿದು ಬಸ್ಸಿಳಿದರೆ ಅರಳಿಕಟ್ಟೆಯ ಮೇಲೆ ಕೂತವರು ಮೊದಲು ಕೇಳುವುದು "ಯಾರಿಗೆ ಹುಷಾರಿಲ್ಲ?" ಅಂತ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರೆಡ್ಡು ಅಂದರೆ ಜ್ವರ. ಬ್ರೆಡ್ಡು ಅಂದರೆ ಆಸ್ಪತ್ರೆಯ ಮಂಚ, ಅದರ ಪಕ್ಕದಲ್ಲೊಂದು ಫ್ಲಾಸ್ಕು, ಎರಡು ಮೋಸಂಬಿ. ಗಟ್ಟಿಮುಟ್ಟಾಗಿರುವವರು ಹಿಟ್ಟು ಉಣ್ಣುತ್ತಾರೆ. ರಾಗಿ ಮುದ್ದೆಗೆ ನಮ್ಮಲ್ಲಿ ಹಿಟ್ಟು ಅಂತಲೇ ಹೆಸರು.

ಇಷ್ಟೆಲ್ಲ ಗೊತ್ತಿದ್ದೂ ಕಳೆದ ಧನುರ್ಮಾಸದ ಒಂದು ಶನಿವಾರ ನಾನು ಬ್ರೆಡ್ಡು ಕೊಂಡೆ. ಬೆಂಗಳೂರಿನಿಂದ ಗುಬ್ಬಿ, ನಿಟ್ಟೂರು ದಾಟಿ ಕೆ.ಬಿ. ಕ್ರಾಸಿನಲ್ಲಿ ಇಳಿದು ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದೆ. ಬೇಕರಿಯೊಂದರಿಂದ ಬ್ರೆಡ್ ಟೋಸ್ಟಿನ ವಾಸನೆ ಬಂತು. ಹಾಸನದ ಕಡೆಯಿಂದ ಹೊರಟ ಅಯ್ಯಂಗಾರರು ನಾಡಿನ ಸರ್ಕಲ್ಲು ಸರ್ಕಲ್ಲಿಗೂ ಕಲಿಸಿಕೊಟ್ಟ ರುಚಿ ಅದು. ಕಾವಲಿಯ ಮೇಲೆ ಕಾಯಿಸಿದ ಬ್ರೆಡ್ಡು, ಅದರ ಮೇಲೆ ಈರುಳ್ಳಿ, ಕ್ಯಾರೆಟ್ಟು, ಹಸಿಮೆಣಸಿನಕಾಯಿಯ ಪಲ್ಯ. "ಒಂದು ಪೌಂಡು ಬ್ರೆಡ್ಡು ಕೊಡಿ, ಹೋಳು ದಪ್ಪ ಇರಲಿ" ಅಂದೆ.

ಬ್ರೆಡ್ಡು ಯಾಕೆ ಅನ್ನುವುದಕ್ಕೆ ಕಾರಣವಿತ್ತು. ಅವ್ವ ಹೋಗಿ ಎರಡು ಯುಗಾದಿ ಕಳೆದಿವೆ. ಅಪ್ಪ ಊರಿನಲ್ಲಿ ಒಬ್ಬನೇ. ದಿನಾ ರಾತ್ರಿ ಫೋನಿನಲ್ಲಿ "ಉಂಡ್ಯಾ?" ಅಂತ ಕೇಳಿದರೆ "ಉಂಡೆ ಕಣಪ್ಪ" ಅನ್ನುತ್ತಿದ್ದ. ದೀಪಾವಳಿಗೆ ಹೋದಾಗ ಅಡುಗೆಮನೆ ನೋಡಿದೆ. ಗೋಡೆಗೆ ಒರಗಿಸಿದ್ದ ಹಿಟ್ಟಿನ ಕೋಲಿಗೆ ಜೇಡ ಬಲೆ ಕಟ್ಟಿತ್ತು. ಡಬ್ಬಿಯಲ್ಲಿ ಕಡ್ಲೆಪುರಿ, ಪಕ್ಕದಲ್ಲಿ ಕಾಫಿಪುಡಿ. ಮಧ್ಯಾಹ್ನಕ್ಕೆ ಚಿಕ್ಕಮ್ಮನ ಮನೆಯಿಂದ ಸಾರು, ಹಿಟ್ಟು ಬರುತ್ತಿತ್ತು. ರಾತ್ರಿಗೂ ಕೇಳಲು ಅವನಿಗೆ ಸಂಕೋಚ. ಹಿಟ್ಟು ತೊಳಸಲು ಅವನಿಗೂ ಬರದು, ನನಗೂ ಬರದು. ನಲವತ್ತು ವರ್ಷ ಇಬ್ಬರಿಗೂ ಅವ್ವನೇ ಮುರಿದು ಬಡಿಸಿದ್ದಳು. ಬೆಂಗಳೂರಿನ ರೂಮಿನಲ್ಲಿ ನಾಲ್ಕು ಜನ ಗೆಳೆಯರು ಒಂದೇ ಒಲೆ ಹಂಚಿಕೊಂಡ ಕಾಲದಲ್ಲಿ ನಾನು ಕಲಿತ ಅಡುಗೆ ಒಂದೇ, ಹೊಟ್ಟೆ ತುಂಬುವ ಸ್ಯಾಂಡ್‌ವಿಚ್ಚು. ಅದನ್ನಾದರೂ ಅಪ್ಪನಿಗೆ ಕಲಿಸೋಣ ಅನ್ನಿಸಿತು.

ಆದರೆ ಅದರಲ್ಲೊಂದು ತೊಡಕಿತ್ತು. ಕೊನೆಯ ಮೂರು ತಿಂಗಳು ಅವ್ವನ ಗಂಟಲಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಅಂಚು ಕಿತ್ತು, ನೆನೆಸಿ, ಚಮಚದಲ್ಲಿ ತಿನ್ನಿಸುತ್ತಿದ್ದವನು ಅಪ್ಪನೇ. ಎಲ್ಲ ಮುಗಿದ ಮೇಲೆ ಉಳಿದಿದ್ದ ಅರ್ಧ ಪೊಟ್ಟಣವನ್ನು ಹಸುವಿನ ಮುಂದೆ ಸುರಿದ. ಅಂದಿನಿಂದ ನಮ್ಮ ಮನೆಗೆ ಬ್ರೆಡ್ಡು ಬಂದಿರಲಿಲ್ಲ.

ಜಗಲಿಯ ಮೇಲೆ ಪೊಟ್ಟಣ ಇಟ್ಟಾಗ ಅಪ್ಪ ಅದನ್ನೇ ನೋಡಿದ.

"ಯಾರಿಗೆ?"

"ನಮಗೇ, ರಾತ್ರಿಗೆ."

"ನನಗೇನು ಕಾಯಿಲೆನಾ?" ಅಂದವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟದ ಕಡೆ ನಡೆದ.

ತಪ್ಪು ಮಾಡಿದೆ ಅನ್ನಿಸಿತು. ಆದರೂ ತಂದದ್ದನ್ನು ಬಿಸಾಡುವಂತಿರಲಿಲ್ಲ. ಅವರೆಕಾಳು ಸುಲಿಯುತ್ತ ಕೂತೆ. ಸ್ಯಾಂಡ್‌ವಿಚ್ಚಿಗೆ ಆ ಹೆಸರು ಬಂದದ್ದು ಇಂಗ್ಲೆಂಡಿನ ನಾಲ್ಕನೇ ಅರ್ಲ್ ಆಫ್ ಸ್ಯಾಂಡ್‌ವಿಚ್, ಜಾನ್ ಮಾಂಟೆಗುವಿನಿಂದ. ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ೧೭೬೨ರಲ್ಲಿ ತನ್ನ ದಿನಚರಿಯಲ್ಲಿ ಈ ತಿನಿಸಿನ ಹೆಸರು ಬರೆದಿದ್ದಾನೆ. ಇಸ್ಪೀಟು ಬಿಟ್ಟು ಏಳಲಾರದೆ ಅರ್ಲ್ ಸಾಹೇಬ ಎರಡು ಹೋಳಿನ ನಡುವೆ ಮಾಂಸ ಇಡಿಸಿಕೊಂಡ ಅಂತ ಕತೆ. ನಮ್ಮ ಕಡೆಯ ರೈತರು ಇಸ್ಪೀಟಿಗಾಗಿ ಅಲ್ಲ, ಪಾತಿ ಕೆಲಸ ಬಿಟ್ಟು ಬರಲಾರದೆ ಇದನ್ನೇ ಮಾಡಿದ್ದಾರೆ. ರಾಗಿ ರೊಟ್ಟಿಗೆ ಕಾಯಿ ಚಟ್ನಿ ಸವರಿ, ಸುರುಳಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ ತೋಟಕ್ಕೆ ಒಯ್ಯುವುದು. ಹೆಸರಿಡುವುದಕ್ಕೆ ನಮ್ಮಲ್ಲಿ ಅರ್ಲ್ ಇರಲಿಲ್ಲ, ಅಷ್ಟೇ.

ಕಾಳು, ಆಲೂಗಡ್ಡೆ ಬೆಂದವು. ಚಟ್ನಿಗೆ ಕಾಯಿ ಬೇಕು. ಕೊಬ್ಬರಿ ಮಾಡುವ ಮನೆಯಲ್ಲಿ ಅಡುಗೆಗೆ ಕಾಯಿ ಸಿಗುವುದು ಸುಲಭ ಅಂತ ಹೊರಗಿನವರು ತಿಳಿದಿರುತ್ತಾರೆ. ಹಾಗಲ್ಲ. ಒಳ್ಳೆಯ ಕಾಯಿ ಅಟ್ಟಕ್ಕೆ, ಒಡಕಲು, ಸಣ್ಣಗಾಯಿ, ನುಸಿ ಹತ್ತಿದ್ದು ಒಲೆಗೆ; ಇದು ಅವ್ವನ ಕಾನೂನು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದನ್ನು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅಂದಾಗ ಸುಲಿದು ಒಡೆಯುತ್ತಾರೆ. ಆಗ ಇಡೀ ಗಿಟುಕು ಉಂಡೆಯಾಗಿ ಹೊರಬರುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದದ್ದು ಈ ಉಂಡೆ ಕೊಬ್ಬರಿಯೇ. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧಪಾಲು ನೀರು, ಒಳ್ಳೆಯ ಕೊಬ್ಬರಿಯಲ್ಲಿ ನೂರಕ್ಕೆ ಆರೇಳು ಪಾಲು ಮಾತ್ರ. ಒಂದು ವರ್ಷದ ಕಾಯುವಿಕೆ ಅಂದರೆ ಈ ನೀರು ಆರುವುದನ್ನು ಕಾಯುವುದು. ಅಷ್ಟು ಕಾದ ಮೇಲೂ ಬೆಲೆ ನಮ್ಮ ಕೈಯಲ್ಲಿಲ್ಲ. ೨೦೨೪ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ ೧೨,೦೦೦ ರೂಪಾಯಿ ಬೆಂಬಲ ಬೆಲೆ ಸಾರಿದಾಗ ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಕೆಳಗಿತ್ತು. ಆ ವರ್ಷ ಅಪ್ಪ ಒಂದೊಂದು ಕಾಯಿಯನ್ನೂ ಎಣಿಸುತ್ತಿದ್ದ.

ಮೂಲೆಯ ಮಕ್ಕರಿಯಲ್ಲಿ ಇದ್ದದ್ದು ಎರಡು ಸಣ್ಣಗಾಯಿ. ಒಂದನ್ನು ಒಡೆದರೆ ಕೊಳೆತಿತ್ತು. ಇನ್ನೊಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. ಒಳಗೆ ನೋಡಿದ, ಏನೂ ಮಾತಾಡದೆ ಏಣಿ ಹತ್ತಿ ಅಟ್ಟಕ್ಕೆ ಹೋದ. ಮೇಲೆ ಕಾಯಿ ಉರುಳುವ ಸದ್ದು. ಹೊಸದಾಗಿ ಏರಿಸಿದ ರಾಶಿಯಿಂದ ಒಂದನ್ನು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಇಟ್ಟು, ಮತ್ತೊಂದು ತೆಗೆದ. ಕೆಳಗಿಳಿದು ಮಚ್ಚಿನಿಂದ ಸುಲಿದು ಒಡೆದುಕೊಟ್ಟ. ತಿರುಳು ಬೆರಳು ದಪ್ಪ ಇತ್ತು.

"ಅಟ್ಟದ್ದಲ್ವಾ ಅಪ್ಪ, ಅವ್ವ ಬೈತಿದ್ಲು" ಅಂದೆ.

"ಬೈತಿದ್ಲು" ಅಂದ. ತುರಿಯೋ ಮಣೆ ಎಳೆದುಕೊಂಡು ತಾನೇ ತುರಿಯಲು ಕೂತ.

ಸ್ಯಾಂಡ್‌ವಿಚ್ಚಿನ ಚಟ್ನಿಗೆ ನೀರು ಕಮ್ಮಿ ಇರಬೇಕು. ದೋಸೆಯ ಚಟ್ನಿಯ ಹಾಗೆ ಸಡಿಲ ಮಾಡಿದರೆ ಬ್ರೆಡ್ಡು ನೆನೆದು ಹಿಟ್ಟಾಗುತ್ತದೆ. ಒಂದು ಹೋಳು ಕಾಯಿತುರಿ, ಒಂದು ಹಿಡಿ ಹುರಿಗಡಲೆ, ನಾಲ್ಕು ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು, ಉಪ್ಪು, ಚೂರು ಹುಣಸೆಹಣ್ಣು. ಹುರಿಗಡಲೆ ಕಾಯಿಯ ಹಾಲನ್ನು ಹೀರಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಬೆಂದ ಅವರೆಕಾಳು, ಆಲೂಗಡ್ಡೆಯನ್ನು ಕಾಳು ಸಿಕ್ಕುವಷ್ಟು ಒರಟಾಗಿ ಹಿಸುಕಿ ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆಗೆ ಹಾಕಿದೆ. ಬ್ರೆಡ್ಡಿನ ಒಳಮೈಗೆ ಮೊದಲು ಬೆಣ್ಣೆ. ಅದು ಚಟ್ನಿಯ ನೀರನ್ನು ಒಳಗೆ ಬಿಡುವುದಿಲ್ಲ. ಮೇಲೆ ಚಟ್ನಿ, ಪಲ್ಯ, ಸೌತೆಕಾಯಿಯ ಬಿಲ್ಲೆ, ಮತ್ತೊಂದು ಹೋಳು. ಕಾವಲಿಯ ಮೇಲಿಟ್ಟು ತಟ್ಟೆ ಮುಚ್ಚಿ, ನೀರು ತುಂಬಿದ ಹಿತ್ತಾಳೆ ಚೊಂಬನ್ನು ಭಾರಕ್ಕೆ ಹೇರಿದೆ. ಸಣ್ಣ ಉರಿಯಲ್ಲಿ ಎರಡೂ ಮೈ ಕೆಂಪಗಾಗುವವರೆಗೆ ಬಿಟ್ಟೆ.

ಅಪ್ಪ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಿರುಗಿಸಿದ. ಮೊದಲು ಅಂಚು ಕಿತ್ತ. ಕಿತ್ತದ್ದನ್ನು ತಟ್ಟೆಯಲ್ಲಿಟ್ಟು ನೋಡುತ್ತಾ ಕೂತ. ಆ ಬೆರಳುಗಳು ಎರಡು ವರ್ಷದ ಹಿಂದೆ ಎಲ್ಲಿದ್ದವೋ ಅಲ್ಲಿಗೇ ಹೋಗಿದ್ದವು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ಅಂಚು ಸಮೇತ ತಿನ್ನಬೇಕು ಅಪ್ಪ, ಗರಿಗರಿ ಇದೆ" ಅಂದೆ.

ಅಂಚನ್ನೇ ಮೊದಲು ಬಾಯಿಗೆ ಹಾಕಿಕೊಂಡ. ಕಡಿದ ಸದ್ದು ಕೇಳಿಸಿತು. ಆಮೇಲೆ ಉಳಿದದ್ದು. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ.

"ಅವಳಿಗೆ ಇದು ಸಿಗಲಿಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಉಪ್ಪು ಒಂದು ಕಲ್ಲು ಮುಂದಾಗಿದೆ."

ಭಾನುವಾರ ಸಂಜೆ ಹೊರಡುವಾಗ ಉಳಿದ ಬ್ರೆಡ್ಡನ್ನು ಚೀಲಕ್ಕೆ ಹಾಕಲು ಹೋದೆ. "ಇರಲಿ ಬಿಡು" ಅಂದ. ಹಸುವಿಗೋ, ತನಗೋ ಅಂತ ನಾನು ಕೇಳಲಿಲ್ಲ.

ಮುಂದಿನ ವಾರ ಫೋನು ಮಾಡಿದಾಗ "ಉಂಡ್ಯಾ?" ಅಂದೆ. "ಬ್ರೆಡ್ಡು ಮುಗಿದಿತ್ತು, ತುರುವೇಕೆರೆಗೆ ಹೋದವನು ತಂದೆ. ಹುಚ್ಚೆಳ್ಳು ಪುಡಿ, ಈರುಳ್ಳಿ ಹಾಕ್ಕೊಂಡೆ. ನಿಂದಕ್ಕಿಂತ ಪರವಾಗಿಲ್ಲ" ಅಂದ.

"ಕಟ್ಟೆ ಮೇಲೆ ಯಾರೂ ಕೇಳಲಿಲ್ವಾ?"

"ಕೇಳದೆ ಬಿಡ್ತಾರಾ? ಯಾರಿಗೆ ಹುಷಾರಿಲ್ಲ ಅಂದ್ರು."

"ಏನಂದೆ?"

"ಎಲ್ಲ ಹುಷಾರಾಗವ್ರೆ, ಹೊಟ್ಟೆ ಹಸೀತದೆ ಅಂದೆ."