ಶರಾವತಿಯ ಜೊತೆ ಮೂರು ದಿನ

ಮುಂಬಯಿಯಿಂದ ಊರಿಗೆ ಹೋಗುವಾಗ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊನ್ನಾವರದ ಸೇತುವೆ ದಾಟುವ ಹೊತ್ತಿಗೆ ನಾನು ಯಾವತ್ತೂ ನಿದ್ದೆಯಲ್ಲೇ ಇರುತ್ತಿದ್ದೆ. ಕೆಳಗೆ ಹರಿಯುವುದು ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಮ್ಮನ ಹಳ್ಳಿ ಅದರಲ್ಲಿ ಮುಳುಗಿತು. ಆಗ ಅವಳಿಗೆ ಆರು ವರ್ಷ. 2025ರ ಡಿಸೆಂಬರಿನಲ್ಲಿ ಗೆಳೆಯನೊಬ್ಬನ ಜೊತೆ ಸೈಕಲ್ ಸಮೇತ ಸಾಗರದಲ್ಲಿ ಇಳಿದೆ.

ಮೊದಲ ದಿನ ಹೊಳೆಬಾಗಿಲಿಗೆ. ಸಿಗಂದೂರಿಗೆ ಹೋಗುವವರು ಲಾಂಚಿಗಾಗಿ ಕಾಯುತ್ತಿದ್ದ ಜಾಗದಲ್ಲಿ ಈಗ ಜುಲೈಯಲ್ಲಿ ತೆರೆದ ಹೊಸ ಸೇತುವೆ. ಎರಡೂ ಕಡೆ ತುಂಬಿದ ಹಿನ್ನೀರು. ಚೆಂದವೇ, ಆದರೆ ಯಾವ ಕಡೆ ನೋಡಬೇಕೆಂದು ನನಗೆ ತಿಳಿಯಲಿಲ್ಲ. ಸುಮ್ಮನೆ ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ.

ಮರುದಿನ ತಾಳಗುಪ್ಪದ ಮೇಲೆ ಜೋಗಕ್ಕೆ. 253 ಮೀಟರ್ ಬಂಡೆಯ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬರೀ ಎಳೆಗಳು. ನೀರು ಬೇರೆ ದಾರಿಯಲ್ಲಿ ಇಳಿಯುತ್ತಿದೆ: ಲಿಂಗನಮಕ್ಕಿಯ ಬುಡದಲ್ಲಿ ಒಮ್ಮೆ ವಿದ್ಯುತ್ತಾಗಿ, ತಳಕಳಲೆಗೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರಕ್ಕೆ, ಮತ್ತೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿಗೆ. ಒಂದೇ ನೀರಿಗೆ ಮೂರು ಶಿಫ್ಟು. ನಮ್ಮ ಕಂಪನಿಯವರೂ ಇಷ್ಟು ದುಡಿಸುವುದಿಲ್ಲ.

ಮೂರನೆಯ ದಿನ ಮಾಲೆಮನೆ ಘಾಟಿ. ಹೋಗುವವರು ಬೆಳಿಗ್ಗೆ ಬೇಗ ಹೊರಡಿ, ಲಾರಿಗಳು ಕಡಿಮೆ. ಇಳಿಜಾರೆಂದರೆ ಸುಖ ಎಂದುಕೊಂಡಿದ್ದೆವು. ಬ್ರೇಕ್ ಹಿಡಿದೂ ಹಿಡಿದೂ ಬೆರಳು ಮರಗಟ್ಟಿದವು, ರಿಮ್ ಮುಟ್ಟಿದರೆ ಸುಡುತ್ತಿತ್ತು. ಎರಡು ಸಲ ನಿಲ್ಲಿಸಿ ಆರಲು ಬಿಟ್ಟೆವು. ಸೈಕಲ್ ನಿಂತಾಗಲೇ ಕಾಡಿನ ಸದ್ದು ಕೇಳಿದ್ದು. ಸಿಂಗಳೀಕಗಳ ಕಾಡು ಇದು; ನಮಗೆ ಒಂದೂ ಕಾಣಲಿಲ್ಲ. ಗೇರುಸೊಪ್ಪೆಯ ಚಹಾದಂಗಡಿಯ ಅಜ್ಜಿ ನಮ್ಮ ಅವಸ್ಥೆ ನೋಡಿ, "ಬಸ್ಸು ಇತ್ತಲ್ಲ ತಮಾ?" ಎಂದರು. ಉತ್ತರ ಹೊಳೆಯಲಿಲ್ಲ.

ಮುಂದೆ ರಸ್ತೆ ಸಪಾಟು. ಎಡಗಡೆ ಹೊಳೆ ಅಗಲವಾಗುತ್ತಾ, ತೆಂಗಿನ ತೋಟಗಳ ಸಂದಿಯಲ್ಲಿ ಕಂಡು ಮರೆಯಾಗುತ್ತಾ ಹೊನ್ನಾವರದವರೆಗೂ ಬಂತು. ಅಲ್ಲಿ 2,065 ಮೀಟರ್ ಉದ್ದದ ಕೊಂಕಣ ರೈಲ್ವೆ ಸೇತುವೆಯನ್ನು ಮೊದಲ ಸಲ ಕೆಳಗಿನಿಂದ ನೋಡಿದೆ.

ಸಂಜೆ ಅಮ್ಮನ ಫೋನು. "ಫೋಟೊ ನೋಡಿದೆ. ಬರೀ ನೀರು."

"ಡಿಸೆಂಬರ್ ಅಲ್ವಾ ಅಮ್ಮ, ತುಂಬಿದೆ."

ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಗೆ ಮಡೆನೂರಿನ ಹಳೆಯ ಅಣೆಕಟ್ಟೆಯೇ ನೀರಿನಿಂದ ಮೇಲೆ ಬರುತ್ತದೆ. ಅದು ಅವಳಿಗೂ ಗೊತ್ತು.

"ಮೇ ತಿಂಗಳಲ್ಲಿ ಹೋಗೋಣ," ಎಂದಳು. "ಸೈಕಲ್ ಬೇಡ. ಕಾರು ಮಾಡು."